ಮನೆಯಂಗಳದ ಲಾನ್‌ನಲ್ಲಿ ಅಣಬೆ, ಬೂಷ್ಟು, ಮಚ್ಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಈಗ ಇರುವುದು ಬೆಂಗಳೂರಿನಲ್ಲಿ. ಮನೆ ಮುಂದೆ ಸುಮಾರು 300 ಚದರಡಿ ಹುಲ್ಲುಹಾಸು ಇದೆ. ಜೂನ್ ತಿಂಗಳು ಬಂತೆಂದರೆ ಅಕ್ಕಪಕ್ಕದವರು, ನೆಂಟರು, ಬೆಳಗಿನ ವಾಕಿಂಗ್‌ಗೆ ಸಿಗುವವರು ಮೊಬೈಲ್‌ನಲ್ಲಿ ಫೋಟೋ ತೋರಿಸಿ ಕೇಳುತ್ತಾರೆ: "ಇದೇನು ನೋಡಿ, ಏನು ಹೊಡೆಯಲಿ?" ಆ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಕೂಡಿಸಿ ಉತ್ತರ ಬರೆದಿದ್ದೇನೆ. ಏನು ಹೊಡೆಯಲಿ ಎನ್ನುವುದಕ್ಕಿಂತ ಮೊದಲು ಇದು ಏನು, ಯಾಕೆ ಬಂತು ಎಂದು ನೋಡಬೇಕು. ಲಾನ್ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

ರಾತ್ರಿ ಮಳೆ ಬಂತು. ಬೆಳಗಾಗುವಷ್ಟರಲ್ಲಿ ಲಾನ್ ತುಂಬ ನಾಯಿಕೊಡೆ. ಹುಲ್ಲಿಗೆ ರೋಗ ಬಂದಿದೆಯೇ?

ಇಲ್ಲ. ಮಣ್ಣಿನೊಳಗೆ ಕೊಳೆಯುತ್ತಿರುವ ಬೇರು, ಕಟ್ಟಿಗೆ ಚೂರು, ಒಣಹುಲ್ಲು, ಹಳೆಯ ಗೊಬ್ಬರ ಇವನ್ನು ತಿಂದು ಬದುಕುವ ಶಿಲೀಂಧ್ರ ಅದು. ಬಿಳಿ ದಾರದ ಎಳೆಗಳಂತೆ ನೆಲದೊಳಗೆ ವರ್ಷಗಟ್ಟಲೆ ಹಬ್ಬಿಕೊಂಡಿರುತ್ತದೆ, ನಮಗೆ ಕಾಣುವುದಿಲ್ಲ. ನೆಲ ಚೆನ್ನಾಗಿ ನೆನೆದಾಗ ಬೀಜಕಣ ಹಾರಿಸಲು ಕೊಡೆ ಎತ್ತುತ್ತದೆ. ಎರಡು ಮೂರು ದಿನ ಬಿಸಿಲು ಬಿದ್ದರೆ ಬಾಡಿ ಕರಗುತ್ತದೆ. ಇಂಥ ಅಣಬೆ ಹುಲ್ಲನ್ನು ತಿನ್ನುವುದಿಲ್ಲ. ಸತ್ತದ್ದನ್ನು ಕೊಳೆಸಿ ಅದರ ಸಾರವನ್ನು ಮಣ್ಣಿಗೆ ಸೇರಿಸುತ್ತದೆ, ಅಂದರೆ ನಿಮ್ಮ ಹುಲ್ಲಿಗೆ ಗೊಬ್ಬರ ತಯಾರಿಸುತ್ತಿದೆ.

ಹೊಸದಾಗಿ ಲಾನ್ ಹಾಕಿಸಿದವರಿಗೆ ಮೊದಲ ಒಂದೆರಡು ಮಳೆಗಾಲದಲ್ಲಿ ಅಣಬೆ ಜಾಸ್ತಿ. ಕೆಮ್ಮಣ್ಣಿನ ಜೊತೆ ಕಲಸಿ ಹಾಕುವ ಸಗಣಿ ಗೊಬ್ಬರ ಎಷ್ಟೋ ಸಲ ಪೂರ್ತಿ ಕಳಿತಿರುವುದಿಲ್ಲ. ಅದು ಕಳಿತು ಮುಗಿದಂತೆ ಅಣಬೆಯೂ ಕಡಿಮೆಯಾಗುತ್ತದೆ.

ಕಿತ್ತು ಹಾಕಿದರೆ ಹೋಗುತ್ತದೆಯೇ?

ಮಾವಿನಹಣ್ಣು ಕಿತ್ತರೆ ಮರ ಸಾಯುವುದಿಲ್ಲ, ಹಾಗೆಯೇ ಇದೂ. ಆದರೂ ಕೀಳಿ. ಮನೆಯಲ್ಲಿ ತೆವಳುವ ಮಗುವೋ ನಾಯಿಯೋ ಇದ್ದರೆ ಬೆಳಗ್ಗೆ ಎದ್ದು ಮಾಡುವ ಮೊದಲ ಕೆಲಸ ಇದೇ ಆಗಲಿ. ಕೊಡೆ ಅರಳುವ ಮುಂಚೆ ಮೊಗ್ಗಿನ ಹಾಗಿರುವಾಗಲೇ ಬುಡಸಮೇತ ತಿರುಚಿ ತೆಗೆದು ಕವರಿಗೆ ಹಾಕಿ ಕಟ್ಟಿ, ಕಸಕ್ಕೆ ಕೊಡಿ. ಕೈಗವಸು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಆಮೇಲೆ ಸೋಪು ಹಾಕಿ ಕೈ ತೊಳೆದುಕೊಂಡರೆ ಸಾಕು. ಮುಟ್ಟಿದರೆ ವಿಷ ಏರುವುದಿಲ್ಲ, ಅಪಾಯ ಇರುವುದು ತಿಂದರೆ.

ವರ್ಷ ವರ್ಷವೂ ಅದೇ ಒಂದು ಮೂಲೆಯಲ್ಲಿ ಗೊಂಚಲು ಗೊಂಚಲಾಗಿ ಬರುತ್ತದೆ. ಯಾಕೆ?

ಅಲ್ಲಿ ಕೆಳಗೆ ಏನೋ ಹೂತಿದೆ. ಅಗೆದು ನೋಡಿ.

ನಮ್ಮ ಮನೆಯಲ್ಲಿ ಕಾಂಪೌಂಡ್ ಪಕ್ಕದ ಮೂಲೆಯಲ್ಲಿ ಮೂರು ಮಳೆಗಾಲ ಹೀಗೇ ಆಯಿತು. ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಮೂರು ಸಲ ಹೊಡೆದೆ, ಏನೂ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಹುಲ್ಲನ್ನು ಚಾಪೆಯ ಹಾಗೆ ಎಬ್ಬಿಸಿ ಹಾರೆ ಹಾಕಿದೆ. ಒಂದು ಅಡಿ ಆಳದಲ್ಲಿ ಹಾರೆ ಮೆತ್ತಗೆ ಇಳಿಯಿತು. ಮನೆ ಕಟ್ಟುವಾಗ ಮೇಸ್ತ್ರಿಯವರು ಬಿಟ್ಟುಹೋದ ಸೆಂಟ್ರಿಂಗ್ ಹಲಗೆ. ಸಿಮೆಂಟ್ ಇನ್ನೂ ಒಂದು ಮಗ್ಗುಲಿಗೆ ಅಂಟಿಕೊಂಡಿತ್ತು. ಇನ್ನೊಂದು ಮಗ್ಗುಲನ್ನು ಹೆಬ್ಬೆರಳಲ್ಲಿ ಒತ್ತಿದರೆ ಚಹಾದಲ್ಲಿ ನೆನೆದ ರಸ್ಕಿನಂತೆ ಕುಸಿಯುತ್ತಿತ್ತು. ಮರದ ನಾರಿನ ನಡುವೆ ಹತ್ತಿಯಂಥ ಬಿಳಿ ಎಳೆಗಳು ಹೆಣೆದುಕೊಂಡಿದ್ದವು, ಮೂಸಿದರೆ ತಾಜಾ ಅಣಬೆಯದೇ ವಾಸನೆ. ನಾಲ್ಕು ಹಲಗೆ ಚೂರು ಮತ್ತು ಒಂದು ಬಕೆಟ್ ಮರದ ಪುಡಿ ಹೊರತೆಗೆದು ಹೊಸ ಮಣ್ಣು ತುಂಬಿ ಅದೇ ಹುಲ್ಲನ್ನು ಹಾಸಿದೆ. ಆ ಮೂಲೆಯಲ್ಲಿ ಮತ್ತೆ ಗೊಂಚಲು ಎದ್ದಿಲ್ಲ.

ಬೆಂಗಳೂರಿನ ಸೈಟುಗಳಲ್ಲಿ ಇದು ತೀರ ಸಾಮಾನ್ಯ. ಹಲಗೆ, ಬೊಂಬು, ಸಿಮೆಂಟ್ ಚೀಲ ಎಲ್ಲವನ್ನೂ ಅಲ್ಲೇ ಮುಚ್ಚಿ ಮೇಲೆ ಕೆಮ್ಮಣ್ಣು ಹರಡಿಬಿಡುತ್ತಾರೆ. ಹಿಂದೆ ಅಲ್ಲೊಂದು ತೆಂಗೋ ಸಿಲ್ವರ್ ಓಕೋ ಇದ್ದು ಕಡಿಸಿದ್ದರೆ ಅದರ ಬುಡ, ಬೇರು ಕೊಳೆಯಲು ಹಲವು ವರ್ಷ ಬೇಕು. ದೊಡ್ಡ ಬುಡವನ್ನು ಕೀಳಿಸುವುದು ಖರ್ಚಿನ ಕೆಲಸ. ತೊಂದರೆ ಇಲ್ಲದಿದ್ದರೆ ಕೊಳೆಯಲು ಬಿಟ್ಟು ಅಣಬೆಯನ್ನು ಮಾತ್ರ ಕೀಳುತ್ತಿರಿ.

ಇದನ್ನು ತಿನ್ನಬಹುದೇ? ಊರಿನಲ್ಲಿ ನಾವು ಅಣಬೆ ಕಿತ್ತು ತಂದು ಸಾರು ಮಾಡುತ್ತಿದ್ದೆವು.

ನಾವೂ ಮಾಡುತ್ತಿದ್ದೆವು. ಮೊದಲ ಮಳೆಯ ಗುಡುಗು ಮುಗಿದ ಮೇಲೆ ಅಮ್ಮ ಬುಟ್ಟಿ ಹಿಡಿದು ಹೊರಟರೆ ಹುತ್ತದ ಅಣಬೆ ಸಿಗುತ್ತಿತ್ತು. ಕೊಡಗಿನವರು ಇದೇ ಹೊತ್ತಿನಲ್ಲಿ ಕುಮ್ಮು (ಅವರ ಮಾತಿನಲ್ಲಿ ಅಣಬೆ) ಹುಡುಕಿ ಹೊರಡುತ್ತಾರೆ. ಅದರ ರುಚಿ ಗೊತ್ತಿದ್ದವರಿಗೆ ಅಂಗಳದಲ್ಲೇ ದೊಡ್ಡ ಬಿಳಿ ಕೊಡೆ ಎದ್ದರೆ ಆಸೆಯಾಗುವುದು ಸಹಜ. ಅದಕ್ಕೇ ಕೈಮುಗಿದು ಹೇಳುತ್ತೇನೆ: ಲಾನ್‌ನಲ್ಲಿ ಬಂದ ಅಣಬೆಯನ್ನು ತಿನ್ನಬೇಡಿ.

ಕಾರಣವನ್ನೂ ಹೇಳುತ್ತೇನೆ. ನಮ್ಮ ಕಡೆಯ ಹುಲ್ಲುಹಾಸುಗಳಲ್ಲಿ ಏಳುವ ದೊಡ್ಡ ಅಣಬೆಗಳಲ್ಲಿ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬುದೊಂದಿದೆ. ಬಿಳಿ ಕೊಡೆ, ಮೇಲೆ ಕಂದು ಹುರುಪೆ, ಊಟದ ತಟ್ಟೆಯಷ್ಟು ಅಗಲಕ್ಕೂ ಬೆಳೆಯುತ್ತದೆ, ಕಾಂಡದ ಮೇಲ್ಭಾಗದಲ್ಲಿ ಬಳೆಯಂಥ ಉಂಗುರ. ನೋಡಲು ಬಹಳ ಚೆಂದ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಭಯಂಕರ ವಾಂತಿ ಭೇದಿ. ಎಳೆಯದಿರುವಾಗ ಇದರ ಕೊಡೆಯ ಅಡಿಯ ಪದರಗಳು ಬೆಳ್ಳಗೇ ಇರುತ್ತವೆ, ಬಲಿತ ಮೇಲಷ್ಟೇ ಹಸಿರು ಛಾಯೆ ಬರುವುದು. ಮೋಸ ಹೋಗುವುದು ಅಲ್ಲೇ. ಒಂದು ಕೊಡೆ ಕಿತ್ತು ಬಿಳಿ ಕಾಗದದ ಮೇಲೆ ಬೋರಲು ಇಟ್ಟು ರಾತ್ರಿಯಿಡೀ ಪಾತ್ರೆ ಮುಚ್ಚಿಡಿ. ಬೆಳಗ್ಗೆ ಕಾಗದದ ಮೇಲೆ ಬೂದು ಹಸಿರು ಪುಡಿಯ ಚಿತ್ತಾರ ಮೂಡಿದ್ದರೆ ಅದು ಇದೇ. ಹುತ್ತದ ಅಣಬೆಯ ಪುಡಿ ನಸುಗುಲಾಬಿ ಬಣ್ಣದ್ದು, ಅದರ ಕಾಂಡ ಬೇರಿನ ಹಾಗೆ ಉದ್ದಕ್ಕೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಆದರೆ ಈ ಗುರುತನ್ನು ಹೇಳುತ್ತಿರುವುದು ತಿಳಿದುಕೊಳ್ಳಲಿ ಎಂದು. ಇದನ್ನೇ ನಂಬಿ ಅಡುಗೆಗೆ ಇಳಿಯಬೇಡಿ, ಬೇರೆ ವಿಷದ ಅಣಬೆಗಳೂ ಇವೆ.

ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ವಿಷವಿಲ್ಲ, ಅರಿಶಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳಲ್ಲಿ ಒಂದೂ ನಿಜವಲ್ಲ.

ಮಗು ಬಾಯಿಗೆ ಹಾಕಿಕೊಂಡುಬಿಟ್ಟಿತು. ಏನು ಮಾಡಲಿ?

ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು ಬಾಯಿ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಳಿದ ಅಣಬೆಯನ್ನು, ಅದೇ ಜಾಗದ ಇನ್ನೊಂದನ್ನೂ ಸೇರಿಸಿ ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗು ಆಟವಾಡಿಕೊಂಡಿದೆ, ಏನೂ ಆಗಿಲ್ಲ ಎಂದು ಕಾಯಬೇಡಿ. ಕೆಲವು ಅಣಬೆಗಳ ವಿಷ 6 ಗಂಟೆ ಕಳೆದ ಮೇಲೆ ತೋರುತ್ತದೆ. ಹಾಗೆ ತಡವಾಗಿ ತೋರುವ ವಿಷವೇ ಯಕೃತ್ತನ್ನು ಹಾಳುಮಾಡುವ ಹೆಚ್ಚು ಅಪಾಯದ ವಿಷ. ನಾಯಿಯಾದರೆ ಪಶುವೈದ್ಯರ ಬಳಿಗೆ, ಅದೇ ಅವಸರದಲ್ಲಿ.

ಅಣಬೆಗಳು ರಂಗೋಲಿ ಬಿಟ್ಟ ಹಾಗೆ ದುಂಡಗೆ ಉಂಗುರವಾಗಿ ಎದ್ದಿವೆ. ಉಂಗುರದ ಹುಲ್ಲು ಕಡುಹಸಿರು.

ಇದಕ್ಕೆ ಇಂಗ್ಲಿಷಿನವರು ಫೇರಿ ರಿಂಗ್ ಎನ್ನುತ್ತಾರೆ. ಒಂದು ಬಿಂದುವಿನಿಂದ ಶುರುವಾದ ಶಿಲೀಂಧ್ರ ಒಳಗಿನ ಆಹಾರ ಮುಗಿಸುತ್ತಾ ವರ್ಷ ವರ್ಷ ಹೊರಗೆ ಹೊರಗೆ ಸರಿಯುತ್ತದೆ. ಅಂಚಿನಲ್ಲಿ ಅದು ಕೊಳೆಸಿದ್ದರಿಂದ ಸಾರಜನಕ ಬಿಡುಗಡೆಯಾಗಿ ಹುಲ್ಲು ಕಡುಹಸಿರಾಗುತ್ತದೆ. ಹಸಿರು ಉಂಗುರ ಮಾತ್ರ ಇದ್ದರೆ ಚಿಂತೆಯಿಲ್ಲ. ಉಂಗುರದ ಪಕ್ಕದಲ್ಲಿ ಹುಲ್ಲು ಒಣಗಿ ಕಂದಾಗಿದ್ದರೆ ಮಾತ್ರ ಕೆಲಸ ಇದೆ. ಅಲ್ಲಿ ಎಳೆಗಳು ದಟ್ಟವಾಗಿ ಹೆಣೆದು ಮಣ್ಣಿಗೆ ಮೇಣ ಬಳಿದ ಹಾಗಾಗಿರುತ್ತದೆ, ನೀರು ಹಾಕಿದರೆ ಕೆಸುವಿನೆಲೆ ಮೇಲೆ ಬಿದ್ದಂತೆ ಉರುಳಿ ಹೋಗುತ್ತದೆ, ಬೇರಿಗೆ ಇಳಿಯುವುದಿಲ್ಲ.

ಗಾರ್ಡನ್ ಫೋರ್ಕನ್ನು ನಾಲ್ಕೈದು ಇಂಚು ಆಳಕ್ಕೆ, ಅಂಗೈ ಅಗಲಕ್ಕೊಂದರಂತೆ ಚುಚ್ಚುತ್ತಾ ಹೋಗಿ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚದಷ್ಟು ಬೆರೆಸಿ ನಿಧಾನಕ್ಕೆ ಹೊಯ್ದು, ಹಿಂದೆಯೇ ಬರೀ ನೀರು ಚೆನ್ನಾಗಿ ಕುಡಿಸಿ. ವಾರಕ್ಕೊಮ್ಮೆ, ಒಂದು ತಿಂಗಳು. ಉಳಿದ ಲಾನ್‌ಗೂ ಸ್ವಲ್ಪ ಗೊಬ್ಬರ ಕೊಟ್ಟರೆ ಬಣ್ಣ ಸರಿಸಮವಾಗಿ ಉಂಗುರ ಮರೆಯಾಗುತ್ತದೆ.

ಅಣಬೆ ಏನೂ ಇಲ್ಲ, ಆದರೆ ಹುಲ್ಲಿನಲ್ಲಿ ಹಳದಿ, ಕಂದು ಮಚ್ಚೆಗಳು ಹರಡುತ್ತಿವೆ. ಯಾವ ರೋಗ ಎಂದು ತಿಳಿಯುವುದು ಹೇಗೆ?

ಇದು ನಿಜವಾಗಿ ಗಮನ ಕೊಡಬೇಕಾದ ಪ್ರಶ್ನೆ. ಹುಲ್ಲನ್ನು ಕೊಲ್ಲುವ ಶಿಲೀಂಧ್ರಗಳು ಸಾಮಾನ್ಯವಾಗಿ ಕೊಡೆ ಎತ್ತುವುದಿಲ್ಲ. ಮಧ್ಯಾಹ್ನ ನಿಂತು ನೋಡಿದರೆ ಎಲ್ಲವೂ ಒಂದೇ ಥರದ ಒಣಗು. ಬೆಳಗ್ಗೆ ಆರೂವರೆಗೆ, ಇಬ್ಬನಿ ಆರುವ ಮುಂಚೆ, ಮಂಡಿಯೂರಿ ಕೂತು ನೋಡಿ.

ರೂಪಾಯಿ ನಾಣ್ಯದಷ್ಟಗಲದಿಂದ ಅಂಗೈಯಗಲದವರೆಗಿನ ಒಣಹುಲ್ಲಿನ ಬಣ್ಣದ ಮಚ್ಚೆಗಳಿದ್ದು, ಅವುಗಳ ಮೇಲೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಡಾಲರ್ ಸ್ಪಾಟ್. ಜೇಡರ ಬಲೆ ಎಲೆಗಳ ತುದಿಯಿಂದ ತುದಿಗೆ ಚಪ್ಪಟೆಯಾಗಿ ಕಟ್ಟಿರುತ್ತದೆ, ಇದು ಎಲೆಗಳ ಸಂದಿಯಲ್ಲಿ ಹತ್ತಿ ಸಿಕ್ಕಿಕೊಂಡ ಹಾಗೆ ಇಳಿದಿರುತ್ತದೆ. ಒಂದು ಎಲೆಯನ್ನು ಕಿತ್ತು ಎರಡು ಬೆರಳ ನಡುವೆ ಹಿಡಿದು ಬೆಳಕಿಗೆ ತೋರಿಸಿ. ನಡುವೆ ಬಿಳಿಚಿದ ಪಟ್ಟೆ, ಅದರ ಅಂಚಿಗೆ ಕೆಂಗಂದು ಗೆರೆ ಇರುತ್ತದೆ. ಒಂಬತ್ತು ಗಂಟೆಗೆ ಬಿಸಿಲೇರಿತೆಂದರೆ ಆ ಹತ್ತಿ ಮಾಯ, ಮಚ್ಚೆ ಮಾತ್ರ ಉಳಿಯುತ್ತದೆ. ಹೊಟ್ಟೆಗಿಲ್ಲದ, ಅಂದರೆ ಸಾರಜನಕ ಕಡಿಮೆಯಾದ ಹುಲ್ಲಿಗೆ ಇದು ಬೇಗ ತಗಲುತ್ತದೆ.

ಮೊಳದಗಲ, ಎರಡು ಮೊಳದಗಲ ದುಂಡಗೆ ಹರಡುವ ಕಂದು ಮಚ್ಚೆಯಾದರೆ ರೈಜೋಕ್ಟೋನಿಯಾ. ಭತ್ತ ಬೆಳೆಯುವವರಿಗೆ ಈ ಹೆಸರು ಹೊಸದಲ್ಲ, ಭತ್ತದ ಎಲೆಕವಚ ಕೊಳೆಸುವುದೂ ಇದೇ ಕುಲದ್ದು. ಮೆಕ್ಸಿಕನ್, ಕೊರಿಯನ್ ಎಂದು ನರ್ಸರಿಗಳಲ್ಲಿ ಮಾರುವ ಜೋಯ್ಸಿಯಾ ಹುಲ್ಲಿನಲ್ಲಿ ಮಳೆಗಾಲದ ಕೊನೆಗೆ ರಾತ್ರಿ ತಂಪಾಗತೊಡಗಿದಾಗ ಕಾಣಿಸುತ್ತದೆ. ಮಚ್ಚೆಯ ಅಂಚಿನ ಹುಲ್ಲು ಕಿತ್ತಳೆ ಛಾಯೆಗೆ ತಿರುಗಿರುತ್ತದೆ. ಆ ಅಂಚಿನದನ್ನೇ ಹಿಡಿದು ಮೆಲ್ಲಗೆ ಎಳೆದರೆ ಎಲೆ ಬುಡದಲ್ಲಿ ಕಳಚಿ ಕೈಗೆ ಬರುತ್ತದೆ, ಬುಡ ಕಂದಾಗಿ ಕೊಳೆತಿರುತ್ತದೆ.

ಹುಲ್ಲು ಎಣ್ಣೆ ಸವರಿದ ಹಾಗೆ ಜಿಗುಟಾಗಿ ಮಲಗಿಬಿಟ್ಟು, ಮಚ್ಚೆ ನೀರು ಹರಿದ ದಾರಿಯಲ್ಲೇ ಉದ್ದಕ್ಕೆ ಸಾಗಿದ್ದರೆ ಪಿಥಿಯಂ. ಸೆಖೆ, ನಿಂತ ನೀರು, ಯೂರಿಯಾ ಮೂರೂ ಸೇರಿದರೆ ಇದು ಒಂದೆರಡು ದಿನದಲ್ಲಿ ದೊಡ್ಡ ಜಾಗ ತಿಂದುಹಾಕುತ್ತದೆ. ಲಾನ್ ರೋಗಗಳಲ್ಲಿ ಅವಸರ ಮಾಡಬೇಕಾದದ್ದು ಇದೊಂದಕ್ಕೆ.

ನಡೆದು ಬಂದರೆ ಚಪ್ಪಲಿಗೆ, ಪಂಚೆಯಂಚಿಗೆ ಕುಂಕುಮ ಕೇಸರಿಯಂಥ ಪುಡಿ ಹತ್ತಿದರೆ ತುಕ್ಕುರೋಗ. ನೋಡಲು ಗಾಬರಿ, ಹುಲ್ಲನ್ನು ಸಾಯಿಸುವುದು ಅಪರೂಪ. ನೆರಳು ಕಡಿಮೆ ಮಾಡಿ, ಸ್ವಲ್ಪ ಗೊಬ್ಬರ ಕೊಟ್ಟು, ಬೆಳೆದದ್ದನ್ನು ಕತ್ತರಿಸಿ ಹೊರಗೆ ಹಾಕಿದರೆ ಹಿಡಿತಕ್ಕೆ ಬರುತ್ತದೆ.

ಮಚ್ಚೆ ಅಂದರೆಲ್ಲ ಶಿಲೀಂಧ್ರವೇ?

ಅಲ್ಲ. ನಾಯಿ ಉಚ್ಚೆ ಹೊಯ್ದ ಜಾಗದಲ್ಲಿ ನಡುವೆ ಸುಟ್ಟು ಸುತ್ತ ಸೊಂಪಾದ ಹಸಿರು ಇರುತ್ತದೆ. ಹುಲ್ಲು ಹಿಡಿದು ಎತ್ತಿದರೆ ಬೇರೇ ಇಲ್ಲದೆ ಕಂಬಳಿಯಂತೆ ಸುರುಳಿ ಎದ್ದು ಬಂದು ಕೆಳಗೆ ಬಿಳಿ ಗೊಣ್ಣೆಹುಳು ಸಿಕ್ಕರೆ ಅದು ಹುಳದ ಕೆಲಸ. ಮಷಿನ್ ಬ್ಲೇಡ್ ಮೊಂಡಾಗಿದ್ದರೆ ಎಲೆಯ ತುದಿಗಳೆಲ್ಲ ಹರಿದು ಬಿಳಿಚಿ ದೂರದಿಂದ ರೋಗದಂತೆಯೇ ಕಾಣುತ್ತದೆ. ಇವಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ, ಮಣ್ಣಿಗೂ ದಂಡ.

ಹುಲ್ಲಿನ ಮೇಲೆ ಯಾರೋ ಬೂದಿ ಚೆಲ್ಲಿದ ಹಾಗಿದೆ. ಪಕ್ಕದಲ್ಲಿ ಹಳದಿ ನೊರೆಯಂಥ ಮುದ್ದೆ.

ಎರಡೂ ಲೋಳೆ ಬೂಷ್ಟು. ಹೆಸರಿಗೆ ಬೂಷ್ಟಾದರೂ ಇದು ಶಿಲೀಂಧ್ರದ ಗುಂಪಿಗೆ ಸೇರಿದ್ದಲ್ಲ. ಬ್ಯಾಕ್ಟೀರಿಯಾ, ಕೊಳೆತ ಚೂರು ತಿನ್ನುತ್ತಾ ನಿಧಾನಕ್ಕೆ ಹರಿದಾಡುವ ಜೀವಿ. ಹುಲ್ಲಿನ ಎಲೆಯನ್ನು ಏಣಿಯಂತೆ ಬಳಸಿ ಮೇಲೇರಿ ಬೀಜಕಣ ಬಿಡುತ್ತದೆ ಅಷ್ಟೇ. ಪೊರಕೆಯಲ್ಲಿ ಗುಡಿಸಿ ಅಥವಾ ಪೈಪಿನ ನೀರಿನಲ್ಲಿ ತೊಳೆದುಬಿಡಿ. ಮಕ್ಕಳಿದ್ದರೆ ತೊಳೆಯುವ ಮುಂಚೆ ಭೂತಗನ್ನಡಿ ಕೊಟ್ಟು ತೋರಿಸಿ, ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಗುಂಡುಗಳು ಸಾಲಾಗಿ ಕೂತಿರುವುದು ಬಹಳ ಚೆನ್ನಾಗಿ ಕಾಣುತ್ತದೆ.

ನೀರು ಯಾವಾಗ, ಎಷ್ಟು?

ಸಂಜೆ ಬೇಡ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಶಿಲೀಂಧ್ರಕ್ಕೆ ಎಲೆಯೊಳಗೆ ಇಳಿಯಲು ಬೇಕಾದದ್ದು ಗಂಟೆಗಟ್ಟಲೆ ಒದ್ದೆ ಎಲೆ. ಸಂಜೆ ಆರಕ್ಕೆ ನೀರು ಹಾಕಿದರೆ ಬೆಳಗ್ಗೆ ಬಿಸಿಲು ಬೀಳುವವರೆಗೆ ಹನ್ನೆರಡು ಹದಿಮೂರು ಗಂಟೆ ಎಲೆ ಒದ್ದೆಯಾಗೇ ಇರುತ್ತದೆ. ಬೆಳಗ್ಗೆ ಆರರಿಂದ ಎಂಟರೊಳಗೆ ಹಾಕಿದರೆ ಇಬ್ಬನಿಯೂ ತೊಳೆದುಹೋಗಿ ಬಿಸಿಲಿಗೆ ಒಂದೆರಡು ಗಂಟೆಯಲ್ಲಿ ಆರುತ್ತದೆ. ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟು ಪೈಪು ಹಿಡಿಯುವುದು ಮನಸ್ಸಿಗೆ ಹಿತ ಎಂದು ನನಗೂ ಗೊತ್ತು. ಆ ಹಿತವನ್ನು ಗಿಡದ ಕುಂಡಗಳ ಬುಡಕ್ಕೆ ಇಟ್ಟುಕೊಳ್ಳಿ, ಹುಲ್ಲಿಗೆ ಬೇಡ.

ಬೇಸಿಗೆಯಲ್ಲಿ ವಾರಕ್ಕೆ 25 ಮಿಲಿಮೀಟರ್ ನೀರು ಸಾಕು, ಎರಡು ಕಂತಿನಲ್ಲಿ. 100 ಚದರಡಿಗೆ ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 230 ಲೀಟರ್. ಸ್ಪ್ರಿಂಕ್ಲರ್ ಇದ್ದರೆ ಬದಿ ನೆಟ್ಟಗಿರುವ ಸ್ಟೀಲ್ ಡಬ್ಬಿಗಳನ್ನು ನಾಲ್ಕು ಕಡೆ ಇಟ್ಟು ಎಷ್ಟು ಹೊತ್ತಿಗೆ ಅರ್ಧ ಇಂಚು, ಅಂದರೆ ಒಂದು ಕಂತಿನಷ್ಟು, ತುಂಬುತ್ತದೆ ನೋಡಿಕೊಳ್ಳಿ. ದಿನಾ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಬೇರು ಮೇಲೇ ಉಳಿಯುತ್ತದೆ, ಎಲೆ ದಿನಾ ಒದ್ದೆ. ಮಳೆಗಾಲದಲ್ಲಿ ಪೈಪನ್ನು ಸುತ್ತಿಟ್ಟುಬಿಡಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು, ಆದರೂ ಟೈಮರ್ ಹಾಕಿದ ಸ್ಪ್ರಿಂಕ್ಲರ್ ಮಳೆಯಲ್ಲೇ ತಿರುಗುತ್ತಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಡಿಸೆಂಬರ್ ಜನವರಿಯ ದಟ್ಟ ಇಬ್ಬನಿಗೆ ಒಂದು ಉಪಾಯ: ಪೈಪಿನ ಎರಡು ತುದಿ ಇಬ್ಬರು ಹಿಡಿದು ಹುಲ್ಲಿನ ಮೇಲೆ ಒಮ್ಮೆ ಎಳೆದುಕೊಂಡು ಹೋಗಿ. ಹನಿ ಉದುರಿ ಎಲೆ ಬೇಗ ಆರುತ್ತದೆ.

ನಮ್ಮ ಮೆಕ್ಸಿಕನ್ ಹುಲ್ಲು ಹಾಸಿಗೆಯಂತೆ ಉಬ್ಬುಬ್ಬಾಗಿದೆ. ಕಾಲಿಟ್ಟರೆ ಮೆತ್ತಗೆ ಇಳಿಯುತ್ತದೆ. ಅದಕ್ಕೂ ರೋಗಕ್ಕೂ ಸಂಬಂಧವಿದೆಯೇ?

ಇದೆ. ಹಸಿರು ಎಲೆಗೂ ಮಣ್ಣಿಗೂ ನಡುವೆ ಸತ್ತ ಕಾಂಡ, ಬೇರುಗಳ ಕಂದು ಪದರ ಕೂತಿರುತ್ತದೆ. ಚಾಕುವಿನಿಂದ ಕೇಕಿನ ಹಾಗೆ ಒಂದು ತುಂಡು ಕೊಯ್ದು ತೆಗೆದು ನೋಡಿ. ಆ ಕಂದು ಪದರ ಅರ್ಧ ಇಂಚಿಗಿಂತ ದಪ್ಪವಿದ್ದರೆ ಅದು ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಶಿಲೀಂಧ್ರಕ್ಕೆ ಮನೆ ಮಾಡಿಕೊಡುತ್ತದೆ. ಮೇ ತಿಂಗಳಲ್ಲಿ, ಹುಲ್ಲು ಜೋರಾಗಿ ಬೆಳೆಯುವ ಹೊತ್ತಿಗೆ, ಕಬ್ಬಿಣದ ಹಲ್ಲಿನ ರೇಕ್‌ನಿಂದ ಗಟ್ಟಿಯಾಗಿ ಕೆರೆದು ತೆಗೆಯಿರಿ. ಒಂದು ತಿಂಗಳು ನೋಡಲು ಚೆನ್ನಾಗಿರುವುದಿಲ್ಲ, ಹೆದರಬೇಡಿ. ಮೇಲೆ ಮಣ್ಣು, ಮರಳು, ಚೆನ್ನಾಗಿ ಕಳಿತ ಕಾಂಪೋಸ್ಟ್ ಜರಡಿ ಹಿಡಿದು ಬೆರೆಸಿ ತೆಳ್ಳಗೆ ಹರಡಿ.

ಕತ್ತರಿಸುವಾಗ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗ ಮಾತ್ರ. ರೋಗವಿದ್ದ ಜಾಗವನ್ನು ಕೊನೆಗೆ ಕತ್ತರಿಸಿ, ಎಲೆಯ ತೇವ ಆರಿರುವಾಗಲೇ. ಮಾಲಿಯ ಮಷಿನ್ ಹತ್ತು ಮನೆ ಸುತ್ತಿ ಬಂದಿರುತ್ತದೆ, ಚಕ್ರ ಮತ್ತು ಬ್ಲೇಡಿಗೆ ಅಂಟಿದ ಹುಲ್ಲನ್ನು ನಿಮ್ಮ ಗೇಟಿನ ಹೊರಗೇ ತೊಳೆಯಲು ಹೇಳಿ. ನಮ್ಮಲ್ಲಿಗೆ ಬರುವವರಿಗೆ ಒಂದು ಬಕೆಟ್ ನೀರು, ಹಳೆ ಬ್ರಷ್ ಇಟ್ಟಿರುತ್ತೇನೆ, ಬೇಸರವಿಲ್ಲದೆ ತೊಳೆಯುತ್ತಾರೆ.

"ಮೇಡಂ, ಯೂರಿಯಾ ಎರಚಿಬಿಡ್ತೀನಿ, ಎರಡೇ ದಿನಕ್ಕೆ ಹಸಿರಾಗುತ್ತೆ" ಅಂತಾರೆ ಮಾಲಿ. ಒಪ್ಪಲೇ?

ಮಚ್ಚೆ ಯಾವುದು ಎಂದು ನೋಡಿ ಒಪ್ಪಿ. ಡಾಲರ್ ಸ್ಪಾಟ್, ತುಕ್ಕು ಇದ್ದರೆ ಸ್ವಲ್ಪ ಸಾರಜನಕ ನಿಜವಾಗಿ ಔಷಧಿ. ರೈಜೋಕ್ಟೋನಿಯಾ, ಪಿಥಿಯಂ ಇದ್ದರೆ ಅದೇ ಯೂರಿಯಾ ಬೆಂಕಿಗೆ ತುಪ್ಪ. ಎಳೆಯ, ನೀರು ತುಂಬಿದ ಎಲೆ ಅವಕ್ಕೆ ಸುಲಭದ ತುತ್ತು. ಕೊಡುವುದಾದರೂ 100 ಚದರಡಿಗೆ ಒಂದು ಸಲಕ್ಕೆ 50 ಗ್ರಾಂ ಮೀರಬಾರದು, ತೇವ ಆರಿದ ಹುಲ್ಲಿನ ಮೇಲೆ ಎರಚಿ ಕೂಡಲೇ ನೀರು ಕೊಡಬೇಕು.

ಕೊನೆಗೂ ಔಷಧಿ ಬೇಕೇ ಬೇಕು ಎಂದಾದರೆ ಯಾವುದು?

ನೀರು ಸರಿಪಡಿಸಿ ಹತ್ತು ಹದಿನೈದು ದಿನ ನೋಡಿ (ಪಿಥಿಯಂ ಬಿಟ್ಟು). ಆಮೇಲೂ ಹರಡುತ್ತಿದ್ದರೆ ಡಾಲರ್ ಸ್ಪಾಟ್, ರೈಜೋಕ್ಟೋನಿಯಾ, ಹೆಚ್ಚಾದ ತುಕ್ಕಿಗೆ ಪ್ರೊಪಿಕೊನಜೋಲ್ 25 ಇಸಿ ಲೀಟರಿಗೆ 1 ಮಿಲಿ (ಇಸಿ, ಎಸ್‌ಸಿ ಎಂಬುವು ದ್ರವ ಔಷಧಿಯ ಬಗೆ, ಹಿಂದಿನ ಅಂಕಿ ಅದರ ಸಾಂದ್ರತೆ; ಲೇಬಲ್ಲಿನ ಮೇಲೆ ಹೀಗೇ ಇರುತ್ತದೆ). ರೈಜೋಕ್ಟೋನಿಯಾಗೆ ಅಜಾಕ್ಸಿಸ್ಟ್ರೋಬಿನ್ 23 ಎಸ್‌ಸಿ ಲೀಟರಿಗೆ 1 ಮಿಲಿ ಕೂಡ ಕೆಲಸ ಮಾಡುತ್ತದೆ. ಎಲೆಗಳ ಮೇಲೆ ಸಣ್ಣ ಚುಕ್ಕೆ ಬೀಳುವ ಎಲೆಚುಕ್ಕೆ ರೋಗಕ್ಕೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ. ಪಿಥಿಯಂಗೆ ಮಾತ್ರ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿ, ಲೀಟರಿಗೆ 2 ಗ್ರಾಂ. ಅಂಗಡಿಯಲ್ಲಿ ಎಲ್ಲಕ್ಕೂ ಕೊಡುವ ಕಾರ್ಬೆಂಡಜಿಮ್ ಪಿಥಿಯಂ ಮೇಲೆ ಏನೂ ಮಾಡುವುದಿಲ್ಲ, ಏಕೆಂದರೆ ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲ, ಅಡಿಕೆ ಕೊಳೆರೋಗದ ಫೈಟಾಫ್ತೊರಾದ ದಾಯಾದಿ. 100 ಚದರಡಿಗೆ ಸುಮಾರು ಒಂದು ಲೀಟರ್ ದ್ರಾವಣ ಸಾಕು. ಎರಡನೇ ಸಲಕ್ಕೆ ಬೇರೆ ಗುಂಪಿನ ಔಷಧಿ ತನ್ನಿ, ಒಂದನ್ನೇ ಹೊಡೆಯುತ್ತಿದ್ದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಪೊಟ್ಟಣದ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಮನೆಯಂಗಳಕ್ಕೆ ತರಲೇಬೇಡಿ. ಲೇಬಲ್ಲಿನ ಮೇಲೆ ಬರೆದಿರುವ ಪ್ರಮಾಣ, ಎಚ್ಚರಿಕೆ ಓದಿಯೇ ಪೊಟ್ಟಣ ಒಡೆಯಿರಿ. ಗೊಂದಲವಾದರೆ ಮಚ್ಚೆಯ ಅಂಚಿನಿಂದ, ಅರ್ಧ ಹಸಿರು ಅರ್ಧ ಕಂದು ಇರುವ ಕಡೆಯಿಂದ, ಮಣ್ಣುಸಮೇತ ಅಂಗೈಯಗಲದ ತುಂಡು ತೆಗೆದುಕೊಂಡು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದಲ್ಲಿ ತೋರಿಸಿ. ಬೆಂಗಳೂರಿನವರಿಗೆ ಜಿಕೆವಿಕೆ ಇದೆ. ಪೂರ್ತಿ ಸತ್ತ ನಡುವಿನ ಹುಲ್ಲು ಒಯ್ದರೆ ಅವರಿಗೂ ಏನೂ ಸಿಗುವುದಿಲ್ಲ. ಹೊಡೆಯುವಾಗ ಮಾಸ್ಕ್, ಕೈಗವಸು, ತುಂಬುತೋಳು. ಮಕ್ಕಳು, ನಾಯಿ ಬೆಕ್ಕು ಪೂರ್ತಿ ಒಣಗುವವರೆಗೆ ಒಳಗೇ ಇರಲಿ, ನಾನಂತೂ ಮಾರನೇ ದಿನದವರೆಗೆ ಬಿಡುವುದಿಲ್ಲ. ಉಳಿದದ್ದನ್ನು ಚರಂಡಿಗೆ ಸುರಿಯಬೇಡಿ.

ಅಣಬೆಗೆ ಮಾತ್ರ ಇವುಗಳಲ್ಲಿ ಯಾವುದೂ ಬೇಡ. ಕೆಲಸ ಮಾಡುವುದಿಲ್ಲ.

ಊರಿನಿಂದ ತಂದ ಮೈಲುತುತ್ತು ಇದೆ. ಬೋರ್ಡೋ ಮಾಡಿ ಹೊಡೆಯಲೇ?

ಮಲೆನಾಡಿನವರು ಕೇಳಿಯೇ ಕೇಳುವ ಪ್ರಶ್ನೆ. ಸುಮಾರು ನೂರು ವರ್ಷಕ್ಕೂ ಹಿಂದೆ, ಮೈಸೂರು ಸಂಸ್ಥಾನದ ಕಾಲದಲ್ಲಿ, ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆಯನ್ನು ತೋಟಗಳಿಗೆ ತಲುಪಿಸಿದರು. ಇವತ್ತಿಗೂ ಅಡಿಕೆ ಕೊಯ್ಯುವ ಕೊನೆಗೌಡರು ಮರವೇರಿ ಹೊಡೆಯುವುದು ಅದನ್ನೇ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ನಮ್ಮ ಮನೆ ಉಳಿದದ್ದು ಆ ನೀಲಿ ದ್ರಾವಣದಿಂದ, ಅದರ ಮೇಲೆ ನನಗೆ ಬಹಳ ಗೌರವ. ಆದರೆ ಅಲ್ಲಿ ಅದು ಬೀಳುವುದು ಗೊನೆಯ ಮೇಲೆ. ಲಾನ್‌ನಲ್ಲಿ ನೇರ ಎಳೆಯ ಎಲೆ ಮೇಲೆ ಬಿದ್ದು ಸುಡಬಹುದು. ಮೈಲುತುತ್ತಿನಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವೂ ಅಲ್ಲ, ವರ್ಷ ವರ್ಷ ಕೂಡುತ್ತಾ ಹೋಗಿ ಎರೆಹುಳಕ್ಕೆ ಕಂಟಕ. ಬೇಡ.

ಹುಳಿಮಜ್ಜಿಗೆ, ಅಡುಗೆ ಸೋಡಾ, ವಿನೆಗರ್, ಬೇವಿನ ಹಿಂಡಿ?

ವಿನೆಗರ್ ಹುಲ್ಲನ್ನೇ ಸುಡುತ್ತದೆ. ಸೋಡಾ ಪದೇ ಪದೇ ಹಾಕಿದರೆ ಮಣ್ಣಿಗೆ ಉಪ್ಪು ಕೂಡುತ್ತದೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಸುರಿದು ಲಾನ್ ಕಳೆದುಕೊಂಡವರನ್ನು ಕಂಡಿದ್ದೇನೆ. ಹುಳಿಮಜ್ಜಿಗೆಯನ್ನು ತರಕಾರಿ ಗಿಡಕ್ಕೆ ಹೊಡೆಯುವವರು ಬಹಳ ಜನ ಇದ್ದಾರೆ, ಲಾನ್‌ನಲ್ಲಿ ನಾನು ಮಾಡಿದಾಗ ಮಚ್ಚೆ ನಿಲ್ಲಲಿಲ್ಲ. ಬೇವಿನ ಹಿಂಡಿ ನಿಧಾನದ ಗೊಬ್ಬರವಾಗಿ ಒಳ್ಳೆಯದು.

ನಾನು ಮನಸಾರೆ ಹೇಳುವುದು ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ಬೇರೆ ಶಿಲೀಂಧ್ರಗಳ ಮೇಲೆ ಬೆಳೆದು ಅವನ್ನು ಹತ್ತಿಕ್ಕುತ್ತದೆ. ಕಳಿತ ಕಾಂಪೋಸ್ಟಿಗೆ ಬೆರೆಸಿ, ಸ್ವಲ್ಪ ತೇವ ಮಾಡಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಡಿ. ಮೇಲೆ ಹಸಿರು ಬೂಷ್ಟು ಕಂಡರೆ ಹಿಡಿದಿದೆ ಎಂದರ್ಥ. ಮಳೆಗಾಲಕ್ಕೆ ಮುಂಚೆ ಲಾನ್ ಮೇಲೆ ಹರಡಿ. ರೋಗ ಬಂದ ಮೇಲೆ ಓಡಿಸುವುದಕ್ಕಿಂತ ಬರದಂತೆ ತಡೆಯುವುದರಲ್ಲಿ ಇದರ ಬಲ. ರಾಸಾಯನಿಕ ಹೊಡೆದ ಎರಡು ವಾರದೊಳಗೆ ಹಾಕಬೇಡಿ, ಅದೂ ಸಾಯುತ್ತದೆ.

ಕಾಂಪೌಂಡ್ ನೆರಳಿನ ಕಡೆ ಹುಲ್ಲೇ ಇಲ್ಲ, ಹಸಿರು ಪಾಚಿ ಕಟ್ಟಿದೆ. ಮತ್ತೆ ಹುಲ್ಲು ಹಾಕಿಸಿದೆ, ಮತ್ತೆ ಹಾಗೇ ಆಯಿತು.

ಅಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಗಡಿಯಾರ ನೋಡಿ ಬರೆದಿಡಿ. ಗರಿಕೆ ಜಾತಿಯ ಬರ್ಮುಡಾಕ್ಕೆ ದಿನವಿಡೀ ಬಿಸಿಲು ಬೇಕು. ಜೋಯ್ಸಿಯಾ ಸ್ವಲ್ಪ ನೆರಳು ತಡೆದೀತು, ನಾಲ್ಕು ಗಂಟೆ ಬಿಸಿಲಾದರೂ ಬೇಕು. ಅಗಲ ಎಲೆಯ ಕಾರ್ಪೆಟ್ ಹುಲ್ಲು ಇನ್ನೂ ಹೆಚ್ಚು ನೆರಳಿಗೆ ಒಗ್ಗುತ್ತದೆ. ಪಾಚಿ ಬಂದಿರುವುದು ನೆಲ ಗಟ್ಟಿಯಾಗಿ ನೀರು ನಿಲ್ಲುತ್ತಿರುವುದರಿಂದ, ಪಾಚಿ ಬಂದದ್ದರಿಂದ ಹುಲ್ಲು ಸತ್ತದ್ದಲ್ಲ. ಫೋರ್ಕಿನಿಂದ ಚುಚ್ಚಿ ಮರಳು ತುಂಬಿ, ನೀರು ಹೊರಹೋಗಲು ಇಳಿಜಾರು ಮಾಡಿ, ಮೇಲಿನ ಕೊಂಬೆ ಸವರಿಸಿ. ಬಿಸಿಲು ಎರಡು ಗಂಟೆಯೂ ಇಲ್ಲ ಎಂದಾದರೆ ಅಲ್ಲಿ ಹುಲ್ಲಿನ ಹಟ ಬಿಟ್ಟು ಜರಿಗಿಡ ನೆಡಿ. ನಮ್ಮ ಮನೆಯ ಉತ್ತರದ ಗೋಡೆಯ ಬುಡದಲ್ಲಿ ಎರಡು ಸಲ ಹುಲ್ಲು ಹಾಸಿ ಸೋತ ಜಾಗದಲ್ಲಿ ಈಗ ಜರಿ ಮೊಣಕಾಲೆತ್ತರ ಬೆಳೆದಿದೆ, ಮಳೆಗಾಲದಲ್ಲಿ ಅದರಡಿ ಕಪ್ಪೆಯೊಂದು ಬಂದು ಕೂರುತ್ತದೆ.